ಯಾರು ಕೊಟ್ಟರೂ ತಿನ್ನುವ ನಾಯಿ

ಉಗಾರ ಬುದ್ರುಕ
8 ಡಿಸೆಂಬರ್ 2024

ತಂಗಿ ಉಜ್ವಲಾ,

ಮೊದಲು ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯಬೇಕಂತೆ, ಬರೆದೆ. ನಿಮ್ಮ ನಿಪ್ಪಾಣಿ ಹಾಸ್ಟೆಲಿನ ವಾರ್ಡನ್ ಬಾಯಾರು ಎಲ್ಲರ ಮೊಬೈಲು ಕಸಿದು ಕಪಾಟಿನಲ್ಲಿ ಇಟ್ಟುಕೊಂಡದ್ದರಿಂದ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಇವತ್ತೇ ನಾನು ಪೆನ್ನು ಹಿಡಿದದ್ದು. ತಪ್ಪು ಹುಡುಕಬೇಡ.

ಊರು ತೆಲಸಂಗ ಬಿಟ್ಟು ಕುರಿ ಹೊಡೆದುಕೊಂಡು ಹೊಳೆಯ ಕಡೆ ಇಳಿದು ಬಂದಿದ್ದೇವೆ. ಈಗ ಪಾರಿಸ ಕಾಕಾನ ಕಬ್ಬು ಕಡಿದ ಹೊಲದಲ್ಲಿ ಹಟ್ಟಿ. ಹಗಲು ಮೇಯಿಸುವುದು, ರಾತ್ರಿ ಗೊಬ್ಬರಕ್ಕೆಂದು ಅದೇ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುವುದು. ಕಾಗದವನ್ನು ಕಾಕಾನ ಮನೆಗೇ ಹಾಕು.

ಉಜ್ವಲಾ, ನನಗೆ ಕುರಿ ಹಿಂದೆ ನಡೆದು ಸಾಕಾಗಿದೆ. ಅವು ನಿಂತರೆ ನಾನು ನಿಲ್ಲಬೇಕು, ಅವು ಎದ್ದರೆ ಏಳಬೇಕು. ನನ್ನ ಕಾಲು ನನ್ನದೇ ಅಲ್ಲ ಅನ್ನಿಸುತ್ತದೆ. ಆದರೆ ಈಗ ಒಂದು ದಾರಿ ಸಿಕ್ಕಿದೆ. ಕಾಗವಾಡದ ಹೊರಗೆ ಶಿವಾಜಿ ಅಂತ ಒಬ್ಬರಿದ್ದಾರೆ. ಮಿಲಿಟರಿಯಲ್ಲಿ ನಾಯಿ ನೋಡಿಕೊಳ್ಳುತ್ತಿದ್ದವರು. ಈಗ ಮಂದಿಯ ನಾಯಿಗಳಿಗೆ ಕಲಿಸುತ್ತಾರೆ. ರವಿವಾರ ನಾಯಿಗಳನ್ನೂ ಅವುಗಳ ಮಾಲಕರನ್ನೂ ಕೂಡಿಸಿ ಆಟ ಆಡಿಸುತ್ತಾರೆ. ನಗಬೇಡ, ನಾನೂ ಮೊದಲು ನಕ್ಕಿದ್ದೆ. ಟ್ರ್ಯಾಕ್ಟರ್ ಟ್ಯೂಬು ನಿಲ್ಲಿಸಿ ಅದರೊಳಗಿಂದ ಹಾರಿಸುವುದು. ಮಾಲಕ ಕಬ್ಬಿನ ಟ್ರಾಲಿ ಹಿಂದೆ ಅಡಗಿಕೊಳ್ಳುವುದು, ನಾಯಿ ಮೂಸಿ ಹುಡುಕುವುದು. ಹಾಡು ಹಚ್ಚಿ ಎಲ್ಲರೂ ಸುತ್ತು ತಿರುಗುವುದು, ಹಾಡು ನಿಂತ ಕೂಡಲೆ ನಾಯಿ ಗೋಣಿಚೀಲದ ಮೇಲೆ ಕೂರಬೇಕು, ತಡವಾದವರು ಹೊರಗೆ. ದೊಡ್ಡ ದೊಡ್ಡ ಮಂದಿ ಹೊಟ್ಟೆ ಹಿಡಿದು ನಗುತ್ತಾರೆ.

ನಾನು ನಮ್ಮ ಹಟ್ಟಿ ಕಾಯುವ ಸರ್ಜ್ಯಾನನ್ನು ಕರೆದುಕೊಂಡು ಹೋದೆ. ಟ್ಯೂಬಿನಲ್ಲಿ ಹಾರಿದ. ನನ್ನನ್ನು ಹುಡುಕಿದ. ಕೊನೆಯ ಆಟದಲ್ಲಿ ನನ್ನ ಮಾನ ಕಳೆದ. ಅದಕ್ಕೆ ಅದಲಾಬದಲಿ ಅಂತ ಹೆಸರು. ಎಲ್ಲರೂ ಗುಂಡಾಗಿ ಕೂತು ನಾಯಿಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಹೊಸಬರು ಕೂರಿಸಿ, ಮೈ ಸವರಿ, ತಿನ್ನಲು ಕೊಟ್ಟರೆ ನಾಯಿ ಶಾಂತವಾಗಿ ತಿನ್ನಬೇಕು. ನಮ್ಮ ಸರ್ಜ್ಯಾ ಗೊತ್ತಲ್ಲ, ಅಪ್ಪನ ಕೈಯದು ಬಿಟ್ಟರೆ ಅಮೃತ ಕೊಟ್ಟರೂ ಮೂಸುವುದಿಲ್ಲ. ಅಥಣಿಯಿಂದ ಬಂದ ಸೌಂದರ್ಯಾ ಬಾಯಾರು ಕೋಳಿ ತುಂಡು ಹಿಡಿದರೆ ಹಲ್ಲು ತೋರಿಸಿದ. ಅವರು ತಮ್ಮ ಬಿಳಿ ಉಣ್ಣೆಯುಂಡೆಯಂಥ ಪಿಂಕಿಯನ್ನು ಅಪ್ಪಿಕೊಂಡು ಚೀರಿದರು, "ಇದನ್ಯಾಂವ ಒಳಗ ಬಿಟ್ಟಾಂವಾ!"

ಶಿವಾಜಿ ಅಣ್ಣ ಮಾತ್ರ ಬೈಯಲಿಲ್ಲ. "ನಾಯಿ ಭಾರಿ ಐತಿ ತಮ್ಮಾ. ಇದನ್ನ ಮಂದ್ಯಾಗ ಕುಂದ್ರೂಹಂಗ ಮಾಡು, ನಿನ್ನ ಕೈಗುಣ ನೋಡ್ತೇನಿ. ಆಮ್ಯಾಲ ಇಲ್ಲೇ ಕೆಲಸಕ್ಕ ಬಾ," ಅಂದರು.

ಅವತ್ತಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.

ನಿನ್ನ ಅಣ್ಣ
ಮಾಳು


ನಿಪ್ಪಾಣಿ
17 ಡಿಸೆಂಬರ್ 2024

ಮಾಳಣ್ಣಾ,

ನಿನ್ನ ಕಾಗದವನ್ನು ಕೋಣೆಯವರೆಲ್ಲ ಓದಿದರು. ಗೋಣಿಚೀಲದ ಆಟ ಓದಿ ನಕ್ಕು ನಕ್ಕು ಬಾಯಾರ ಕಡೆ ಬೈಸಿಕೊಂಡೆವು. ಅಲ್ಲಿಯವರೆಗೆ ಸರಿ.

ಕೊನೆಯ ಆಟ ಸರ್ಜ್ಯಾನಿಗೆ ಬೇಡ ಅಣ್ಣಾ. ಅಂವ ಆಟದ ನಾಯಿ ಅಲ್ಲ. ಮರಿಯಿದ್ದಾಗ ಬಾಟಲಿಯಿಂದ ಹಾಲು ಕುಡಿಸಿದವಳು ನಾನು. ಹಲ್ಲು ಬಂದ ಮೇಲೆ ಅಪ್ಪ ನನ್ನ ಕೈಯಿಂದ ಬಾಟಲಿ ಕಸಿದುಕೊಂಡ. "ಇನ್ನ ಇದು ನಂದು. ಎಲ್ಲಾರ ಕಡೆ ತಿಂದ ನಾಯಿ ಎಲ್ಲಾರಿಗೂ ಬಾಲ ಅಳ್ಳಾಡಸ್ತೈತಿ," ಅಂದ. ನಾನು ಅತ್ತೆ. ಕದ್ದು ರೊಟ್ಟಿ ಕೊಡಲು ಹೋದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಸರ್ಜ್ಯಾನ ಬಾಯಿಗೆ ಬೆರಳು ಹಾಕಿ ನನ್ನ ರೊಟ್ಟಿ ತೆಗೆದು ಎಸೆದು, ತನ್ನ ತಾಟಿನ ರೊಟ್ಟಿ ಕೊಟ್ಟ. ಈಗಲೂ ದಿನಾ ಸಂಜೆ ತಾನು ಉಣ್ಣುವ ಮೊದಲು ಮೊದಲ ತುತ್ತು ಅದಕ್ಕೇ ಅಲ್ಲವೇ?

ನೀನು ಏನು ಮಾಡುತ್ತಿದ್ದೀಯ ಅಂತ ಅಪ್ಪನಿಗೆ ಹೇಳಿದ್ದೀಯಾ? ಈ ಒಂದು ಮಾತಿಗೆ ಮಾತ್ರ ಉತ್ತರ ಬರಿ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಉಜ್ವಲಾ


ಉಗಾರ ಬುದ್ರುಕ
5 ಜನವರಿ 2025

ಉಜ್ವಲಾ,

ಗೆದ್ದೆವು! ಇವತ್ತೇ ಬರೆಯುತ್ತಿದ್ದೇನೆ.

ಹೇಗೆ ಮಾಡಿದೆ ಕೇಳು. ಹಗಲು ಅಪ್ಪ ಕುರಿ ಮುಂದೆ ಹೋದಾಗ ನಾನು ಸರ್ಜ್ಯಾನನ್ನು ಹಿಂದೆ ಉಳಿಸಿಕೊಳ್ಳುತ್ತಿದ್ದೆ. ಮೊದಲು ನನ್ನ ಕೈಯಿಂದ ತಿನ್ನಿಸಿದೆ. ಅದಕ್ಕೇ ಬಹಳ ದಿನ ಹಿಡಿಯಿತು. ಆಮೇಲೆ ಕಬ್ಬು ಕಡಿಯುವ ಗ್ಯಾಂಗಿನವರ ಹತ್ತಿರ ಕರೆದೊಯ್ದೆ, ಅವರ ಹೆಂಗಸರು ರೊಟ್ಟಿ ಕೊಟ್ಟರು. ಚಹಾದಂಗಡಿಯಲ್ಲಿ ಕೂತವರು ಬಿಸ್ಕಿಟು ಕೊಟ್ಟರು. ಯಾರೇ ಕೊಡಲಿ, ನಾನು ಬೆನ್ನು ತಟ್ಟಿ ಶಾಬ್ಬಾಸ್ ಅನ್ನುತ್ತಿದ್ದೆ. ಈಗ ಯಾರಾದರೂ ಎದುರಿಗೆ ಬಂದರೆ ಸಾಕು, ತಾನೇ ಕೂತು ಮುಂಗಾಲು ಎತ್ತುತ್ತಾನೆ.

ಇವತ್ತು ಅದಲಾಬದಲಿಯಲ್ಲಿ ಸುತ್ತು ಪೂರ್ತಿ ತಿರುಗಿ ಬಂದ. ಸೌಂದರ್ಯಾ ಬಾಯಾರ ಮಡಿಲಲ್ಲಿ ತಲೆ ಇಟ್ಟ. ಅವರು, "ಅಯ್ಯ, ಹೋದ ತಿಂಗಳ ಹುಲಿ, ಈಗ ನೋಡ್ರಿ ಅಳಿಯಾ ಆಗ್ಯಾನ!" ಅಂದರು. ಅಲ್ಲಿಗೆ ಬರುವ ದುಂಡೇಶ ಸರ್ ತಮ್ಮ ನಾಯಿ ರಾಕಿಗೆ, "ನೋಡಿ ಕಲಿಯೋ, ತಿನ್ನೂದೊಂದ ಗೊತ್ತ ನಿನಗ," ಅಂದರು. ಕೊನೆಗೆ ನಾಯಿಗಳ ಪಾದ ಅರಿಶಿನ ನೀರಿನಲ್ಲಿ ಅದ್ದಿ ಹಳೆಯ ಧೋತರದ ಮೇಲೆ ನಡೆಸಿ ಚಿತ್ತಾರ ಮಾಡಿಸಿದರು. ಪಿಂಕಿ ಧೋತರದ ಮೇಲೆ ಉಚ್ಚೆ ಹೊಯ್ದು ಅದನ್ನೂ ಚಿತ್ತಾರಕ್ಕೆ ಸೇರಿಸಿದಳು.

ಶಿವಾಜಿ ಅಣ್ಣ, "ಸಂಕ್ರಮಣ ಮುಗಿಸಿ ಬಂದ ಬಿಡು," ಅಂದಿದ್ದಾರೆ. ಅಲ್ಲೇ ಇರಲು ಕೋಣೆ ಇದೆ.

ಅಪ್ಪನಿಗೆ ಹೇಳಿಲ್ಲ. ಹೇಳುತ್ತೇನೆ. ಮೊನ್ನೆ ಸಂಜೆ ಪಾರಿಸ ಕಾಕಾ ಹಟ್ಟಿ ಕಡೆ ಬಂದ. ಸರ್ಜ್ಯಾ ಓಡಿಹೋಗಿ ಅವನ ಮುಂದೆ ಕೂತು ಕಾಲು ಕೊಟ್ಟ. ಕಾಕಾ ಅಪ್ಪನಿಗೆ, "ಏ ಬಾಳಾಸಾಬ, ನಿನ್ನ ನಾಯಿ ರಾಮ ರಾಮ ಅಂತೈತಲೋ ನನಗ! ಬರೋಬರಿ ಸಾಲಿ ಕಲ್ತಂಗ ಐತಿ," ಅಂತ ನಕ್ಕ. ಅಪ್ಪನೂ ನಕ್ಕ. ನಾನು ಕಣ್ಣಾರೆ ನೋಡಿದ್ದೇನೆ, ನಕ್ಕ. ಹೀಗಿರುವಾಗ ನೀನೇಕೆ ಹೆದರಿಸುತ್ತೀ?

ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲವೇನೋ. ಕಣ್ಣು ಕೆಂಡದಂತೆ ಕೆಂಪಾಗಿವೆ. ಹೊಲದಲ್ಲಿ ಕಬ್ಬಿನ ಒಣ ಗರಿ, ರವದಿ ಸುಡುತ್ತಾರಲ್ಲ, ಆ ಹೊಗೆ ಇರಬೇಕು.

ನಿನ್ನ ಗೆದ್ದ ಅಣ್ಣ
ಮಾಳು


ನಿಪ್ಪಾಣಿ
12 ಜನವರಿ 2025

ಅಣ್ಣಾ,

ಹೊಗೆ ಅಲ್ಲ.

ನಿನ್ನೆ ಅವ್ವ ಪಾರಿಸ ಕಾಕಾನ ಫೋನಿನಿಂದ ನಮ್ಮ ಬಾಯಾರಿಗೆ ಹಚ್ಚಿದ್ದಳು. ನನ್ನ ಹತ್ತಿರ ಮಾತಾಡುತ್ತಾ ಅತ್ತಳು. ಪಾರಿಸ ಕಾಕಾ ಬಂದು ನಕ್ಕು ಹೋದ ಸಂಜೆಯಿಂದ ಅಪ್ಪ ಮಲಗಿಲ್ಲ. ನೀನು ಗುಡಾರದೊಳಗೆ ಹೊದ್ದು ಮಲಗಿದ ಮೇಲೆ ಅಪ್ಪ ಕಂಬಳಿ ಹೊದ್ದು ಬಲೆಯ ಹೊರಗೆ ಹೋಗಿ ಕೂರುತ್ತಾನಂತೆ. ನೀನು ಏಳುವ ಮೊದಲು ಬಂದು ಒಲೆಯ ಮುಂದೆ ಕೂರುತ್ತಾನಂತೆ. ಅವ್ವ ಕೇಳಿದರೆ, "ನಾಯಿ ಮಂದೀನ್ನ ಕಂಡ್ರ ಕುಂದ್ರತೈತಿ. ಯಾರರೆ ಒಬ್ರು ಏಳಬೇಕಲ್ಲ," ಅಂದನಂತೆ. ಹೋದ ವರ್ಷ ರಾಯಬಾಗದ ಕಡೆ ಹಟ್ಟಿಗೆ ಗಾಡಿ ತಂದು ಕುರಿ ತುಂಬಿಕೊಂಡು ಹೋದವರ ಸುದ್ದಿ ನಿನಗೆ ನೆನಪಿಲ್ಲವೇ? ಅಪ್ಪನಿಗೆ ನೆನಪಿದೆ.

ನಿನಗೆ ಹೇಳಬೇಡ ಅಂತ ಅವ್ವನಿಂದ ಆಣೆ ಮಾಡಿಸಿಕೊಂಡಿದ್ದಾನಂತೆ. "ಹುಡುಗ ಖುಷಿಲೆ ಆಡಾಕತ್ತಾನ, ಆಡ್ಲಿ" ಅಂದನಂತೆ. ನಾನು ಯಾರಿಗೂ ಆಣೆ ಮಾಡಿಲ್ಲ, ಅದಕ್ಕೇ ಬರೆದೆ.

ಉಜ್ವಲಾ


ಉಗಾರ ಬುದ್ರುಕ
20 ಜನವರಿ 2025

ಉಜ್ವಲಾ,

ನಿನ್ನ ಕಾಗದ ಕಿಸೆಯಲ್ಲಿಟ್ಟುಕೊಂಡು ನಾಕು ದಿನ ತಿರುಗಿದೆ. ಅಪ್ಪನಿಗೆ ಹೇಳಲಿಲ್ಲ. ಮೊನ್ನೆ ನಡೆದದ್ದನ್ನು ಬರೆಯಲೂ ಹೆದರಿಕೆ ಆಗುತ್ತಿದೆ.

ಅವತ್ತು ಬೆಳಿಗ್ಗೆ ಕುರಿ ಹೊಡೆದುಕೊಂಡು ಫ್ಯಾಕ್ಟರಿ ರಸ್ತೆ ದಾಟುತ್ತಿದ್ದೆವು. ಅಪ್ಪ ರಸ್ತೆಯ ನಡುವೆ ಕೋಲಿಗೆ ಗದ್ದ ಊರಿ ನಿಂತಿದ್ದ, ಗಾಡಿ ತಡೆಯಲು ಯಾವಾಗಲೂ ನಿಲ್ಲುತ್ತಾನಲ್ಲ, ಹಾಗೆ. ನಾನು ಹಿಂದಿದ್ದೆ. ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರು ಬಂತು, ಡ್ರೈವರ್ ಹಾಡು ಜೋರು ಹಚ್ಚಿದ್ದ. ಅಪ್ಪ ಕೈ ಎತ್ತಲಿಲ್ಲ. ನಾನು ಕೂಗಿದೆ, ತಿರುಗಲಿಲ್ಲ. ನಿಂತಲ್ಲೇ ನಿದ್ದೆ ಹೋಗಿದ್ದ, ಉಜ್ವಲಾ. ರಸ್ತೆಯ ನಡುವೆ, ನಿಂತು, ನಿದ್ದೆ. ನಾನು ಕುರಿಗಳ ಮೇಲಿಂದ ಬಿದ್ದು ಎದ್ದು ಓಡಿ ಅವನ ಅಂಗಿ ಹಿಡಿದು ಎಳೆದೆ. ಟ್ರಾಲಿಯಿಂದ ಜೋತಿದ್ದ ಕಬ್ಬು ಅವನ ಪಟಗ ಕಿತ್ತುಕೊಂಡು ಹೋಯಿತು. ಡ್ರೈವರ್ ಮುಂದೆ ಹೋಗಿ ನಿಲ್ಲಿಸಿ ಬಾಯಿಗೆ ಬಂದದ್ದು ಬೈದ. ಅಪ್ಪ ಬರಿತಲೆಯಲ್ಲಿ ನಿಂತು ಅವನಿಗೆ ಕೈ ಮುಗಿದ. "ತಪ್ಪಾತ್ರಿ ಸಾವಕಾರ್ರ, ಜರಾ ಕಣ್ಣ ಹತ್ತಿತ್ತು," ಅಂದ. ನನ್ನಷ್ಟು ವಯಸ್ಸಿನವನಿಗೆ ಸಾವಕಾರ್ರ ಅಂದ.

ಕಾಲುವೆಯ ಹತ್ತಿರ ಕೂರಿಸಿ ನೀರು ಕುಡಿಸಿ ಎಲ್ಲ ಹೇಳಿದೆ. ಸರ್ಜ್ಯಾನಿಗೆ ನಾನೇ ಕಲಿಸಿದೆ, ಕಾಗವಾಡಕ್ಕೆ ಹೋಗಬೇಕೆಂದು ಕಲಿಸಿದೆ ಅಂದೆ.

"ಗೊತ್ತೈತಿ," ಅಂದ.

"ಮತ್ತ ಯಾಕ ಬೈಲಿಲ್ಲ?"

"ಬೈದ್ರ ನಾಯಿ ಮೊದಲಿನಂಗ ಆಗತೈತೇನ?"

ಇನ್ನು ಮೇಲೆ ನಾನು ಕಾಯುತ್ತೇನೆ, ನೀನು ಮಲಗು ಅಂದೆ. ಅಪ್ಪ ತಲೆ ಅಲ್ಲಾಡಿಸಿದ. "ನೀ ಎಚ್ಚರ ಇರತಿ, ಖರೆ. ಆಲಿಸಾಕ ನಿನಗ ಬರಾಂಗಿಲ್ಲ. ನಿನ್ನ ಕಿವ್ಯಾಗ ಯಾವಾಗ್ಲೂ ಬ್ಯಾರೆ ಊರ ಇರತೈತಿ."

ಆದರೂ ನಾನು ಕಾಯಲು ಕೂತೆನೆಂದರೆ ಅಪ್ಪ ಒಳಗೆ ಮಲಗಿದಂತೆ ಮಾಡುತ್ತಾನೆ. ಉಸಿರಿನಿಂದ ಗೊತ್ತಾಗುತ್ತದೆ, ಮಲಗಿರುವುದಿಲ್ಲ. ಈಗ ನಾವಿಬ್ಬರೂ ಮಲಗುವುದಿಲ್ಲ. ಸರ್ಜ್ಯಾ ಒಬ್ಬನೇ ಕಾಲು ಚಾಚಿ ಮಲಗುತ್ತಾನೆ.

ನಾಳೆಯೂ ಆ ರಸ್ತೆ ದಾಟಬೇಕು.

ಮಾಳು


ನಿಪ್ಪಾಣಿ
4 ಫೆಬ್ರುವರಿ 2025

ಅಣ್ಣಾ,

ಆ ಕಾಗದ ಬಂದ ಮೇಲೆ ನಿನ್ನದೊಂದು ಅಕ್ಷರವೂ ಇಲ್ಲ. ಬಾಯಾರ ಫೋನು ರಿಂಗಾದರೆ ಸಾಕು, ಮೆಟ್ಟಿಲ ಮೇಲೆ ನಿಂತು ಯಾರ ಹೆಸರು ಕರೆಯುತ್ತಾರೋ ಅಂತ ನೋಡುತ್ತೇನೆ. ಓದಲು ಕೂತರೆ ಟ್ರ್ಯಾಕ್ಟರಿನ ಸದ್ದು. ನಿಪ್ಪಾಣಿಯಲ್ಲಿ ಟ್ರ್ಯಾಕ್ಟರಿಗೇನು ಕಡಿಮೆಯೇ.

ಏನಾಯಿತು ಬರಿ. ಕೆಟ್ಟದ್ದಾದರೂ ಬರಿ. ಸುಮ್ಮನಿರಬೇಡ.

ಉಜ್ವಲಾ


ಉಗಾರ ಬುದ್ರುಕ
11 ಫೆಬ್ರುವರಿ 2025

ಉಜ್ವಲಾ,

ಅಪ್ಪ ಇದ್ದಾನೆ. ಮೊದಲು ಅದನ್ನು ಓದಿಕೋ. ಬರೆಯಲು ಒಳ್ಳೆಯದೇನೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಾನು ಕಾಗವಾಡಕ್ಕೆ ಹೋಗಿ ಶಿವಾಜಿ ಅಣ್ಣನ ಮುಂದೆ ಎಲ್ಲ ಹೇಳಿದೆ. ಅವರು ಹಣೆ ಬಡಿದುಕೊಂಡರು. "ಕುರಿ ಕಾಯೂ ನಾಯಿ ಅಂತ ಒಂದ ಮಾತ ಹೇಳಬಾರದಾ ಮಳ್ಳ! ನಾ ಮನ್ಯಾಗ ಕಟ್ಟಿದ ನಾಯಿ ಅಂತ ತಿಳ್ಕೊಂಡಿದ್ದೆ," ಅಂದರು. ನಾನು ಹೇಳಿರಲಿಲ್ಲ ಉಜ್ವಲಾ. ಕುರಿ ಕಾಯುವವನು ಅಂತ ಗೊತ್ತಾದರೆ ಆ ಮಂದಿ ಒಳಗೆ ಬಿಡುವುದಿಲ್ಲ ಅಂದುಕೊಂಡಿದ್ದೆ.

ಆಮೇಲೆ ಅವರೇ ಒಂದು ಆಟ ಕಟ್ಟಿದರು. ಅದಲಾಬದಲಿಯನ್ನೇ ತಿರುವಿ ಹಾಕಿದ ಆಟ. ರವಿವಾರ ಎಲ್ಲರೂ ನಮ್ಮ ಹಟ್ಟಿಗೇ ಬರುವುದು. ಒಬ್ಬೊಬ್ಬರೇ ಕಳ್ಳರಂತೆ ಬಲೆಯ ಹತ್ತಿರ ಬರಬೇಕು, ಸರ್ಜ್ಯಾನಿಗೆ ತಿನ್ನಲು ತೋರಿಸಬೇಕು. ಅಂವ ತಿನ್ನಲು ಬಂದರೆ ಮುಷ್ಟಿ ಮುಚ್ಚಿಕೊಂಡು ಮಾತಿಲ್ಲದೆ ತಿರುಗಿ ಹೋಗಬೇಕು. ಅಂವ ಬೊಗಳಿದರೆ, ಹೋಗಲಿ, ಒಂದು ಹೆಜ್ಜೆ ಹಿಂದೆ ಸರಿದರೂ ಸಾಕು, ಅಪ್ಪ ಕೂಗಿ ಕರೆದು ಹಾಲಲ್ಲಿ ಅದ್ದಿದ ರೊಟ್ಟಿ ಕೊಡಬೇಕು. ಹೊರಗಿನವರ ಕೈಯಲ್ಲಿ ಏನೂ ಇಲ್ಲ, ಅಪ್ಪನ ಕೈಯಲ್ಲೇ ಎಲ್ಲ ಇದೆ ಅಂತ ಅದಕ್ಕೆ ತಿಳಿಯಬೇಕು.

ನೀನು ನೋಡಬೇಕಿತ್ತು. ದುಂಡೇಶ ಸರ್ ಹೆಲ್ಮೆಟ್ ಹಾಕಿಕೊಂಡು ಬಂದರು. ಸೌಂದರ್ಯಾ ಬಾಯಾರು ಗಂಡನ ಮಳೆಕೋಟು ತೊಟ್ಟು ಮುಖಕ್ಕೆ ಟಾವೆಲು ಕಟ್ಟಿದ್ದರು. ಅವರ ನಾಯಿಗಳೆಲ್ಲ ಬದುವಿನ ಮೇಲೆ ಸಾಲಾಗಿ ಕೂತು, ನಮ್ಮವರಿಗೆ ಏನಾಗಿದೆ ಅಂತ ನೋಡುತ್ತಿದ್ದವು. ಅವ್ವ ಎಲ್ಲರಿಗೂ ಚಹಾ ಮಾಡಿದಳು. "ಕಳ್ಳರಿಗೆ ಚಾ ಕೊಡೂ ಹಟ್ಟಿ ಇದೊಂದ ನೋಡವಾ," ಅಂದಳು. ಅಪ್ಪ ಮೊದಲು ನಾಚಿಕೊಂಡು ಕುರಿಗಳ ನಡುವೆ ಹೋಗಿ ನಿಂತ. ಆಮೇಲೆ ತಾನೇ ಹೇಳಲು ಸುರು ಮಾಡಿದ. "ಹಂಗ ಅಲ್ಲರಿ ಬಾಯಾರ, ಕಳ್ಳ ನಗಾಂಗಿಲ್ಲ. ಗಾಳಿ ಯಾವ ಕಡೆ ಬೀಸತೈತಿ ನೋಡ್ಕೊಂಡು ಬರ್ರಿ." ಬಾಯಾರು ಮಳೆಕೋಟಿನೊಳಗೆ ಇನ್ನೂ ಜೋರಾಗಿ ನಕ್ಕರು.

ಮೊದಲ ರವಿವಾರ ಸರ್ಜ್ಯಾ ಎಲ್ಲರ ಮುಂದೂ ಕೂತ, ಎಲ್ಲರಿಗೂ ಕಾಲು ಕೊಟ್ಟ. ಮೊನ್ನೆಯ ರವಿವಾರ ಹೆಲ್ಮೆಟ್ಟಿಗೆ ಬೊಗಳಿದ. ಮಳೆಕೋಟಿಗೂ ಬೊಗಳಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ನಾನು ದುಂಡೇಶ ಸರ್ ಹಿಂದೆ ಹೋಗಿ ನಿಂತೆ. ಬೊಗಳುತ್ತಿದ್ದವನು ಸುಮ್ಮನಾಗಿ, ನನ್ನ ಕಿಸೆ ಮೂಸಿ, ಸರ್ ಕೈಯನ್ನೂ ನೆಕ್ಕಿದ.

ಶಿವಾಜಿ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಹೊರಗಿನವರದ ತಿನ್ನಾಕ ಹೇಳಿದಾಂವ ನೀನ. ನೀ ಹಂತ್ಯಾಕ ಇದ್ರ ಯಾಂವ ಬಂದ್ರೂ ಅದಕ ಆಟಾನ ಅನಸತೈತಿ. ನಿನ್ನನ್ನೂ ಹೊರಗಿನಾಂವ ಅಂತ ತಿಳೀಬೇಕು ಅದು. ಕಾಗವಾಡಕ್ಕ ಬಾ, ಅಲ್ಲೇ ಇರು. ಹಟ್ಟಿಗೆ ಬಂದ್ರ ಉಳಿದವರಂಗ ಬಾ, ಉಳಿದವರಂಗ ಹೋಗು. ಮುಟ್ಟಬ್ಯಾಡ, ಮಾತಾಡಸಬ್ಯಾಡ."

ನನಗೆ ಬೇಕಾಗಿದ್ದ ಕೆಲಸವೇ ಅದು. ಬೇಕಾಗಿದ್ದ ಕೋಣೆ. ಅಪ್ಪನಿಗೆ ಹೇಳಿದೆ. ಕುರಿಗಳನ್ನೇ ನೋಡುತ್ತಾ, "ಹೋಗು," ಅಂದ. ಅಷ್ಟೇ.

ನಾಳೆ ಹೋಗುತ್ತೇನೆ. ರಸ್ತೆ ದಾಟಿಸಲು ಪಾರಿಸ ಕಾಕಾ ತನ್ನ ಆಳು ಶುಭಮನನ್ನು ಕಳಿಸುವುದಾಗಿ ಒಪ್ಪಿದ್ದಾನೆ. ಅಪ್ಪ ಇನ್ನೂ ಮಲಗುತ್ತಿಲ್ಲ. ನಾನು ಹೋದ ಮೇಲೂ ನಾಯಿ ಸುಧಾರಿಸದಿದ್ದರೆ? ಆಗ ಅಲ್ಲಿ ಕಾಯಲು ನಾನೂ ಇಲ್ಲ, ಅದೂ ಇಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಬರೆದಿದ್ದೇನೆ.

ಮಾಳು


ನಿಪ್ಪಾಣಿ
22 ಫೆಬ್ರುವರಿ 2025

ಮಾಳಣ್ಣಾ,

ಕಾಗವಾಡದ ವಿಳಾಸಕ್ಕೆ ಬರೆಯುತ್ತಿದ್ದೇನೆ. ವಿಚಿತ್ರ ಅನ್ನಿಸುತ್ತಿದೆ. ನಿನ್ನ ಹೆಸರಿನ ಕೆಳಗೆ ಕುರಿಯೂ ಇಲ್ಲ, ಹೊಲವೂ ಇಲ್ಲ, ಮನೆ ನಂಬರು ಇದೆ.

ಹೊಸ ಕೆಲಸ ಹೇಗಿದೆ ಅಂತ ನೀನು ಬರೆದೇ ಇಲ್ಲ. ಕೋಣೆಯಲ್ಲಿ ಒಬ್ಬನೇ ಏನು ಉಣ್ಣುತ್ತೀ? ಅವ್ವ ಮತ್ತೆ ಫೋನು ಹಚ್ಚಿದ್ದಳು. ಹಗಲು ಕುರಿ ಗಿಡದ ನೆರಳಿಗೆ ಕೂತಾಗ ಅಪ್ಪ ಸ್ವಲ್ಪ ಕಣ್ಣು ಮುಚ್ಚುತ್ತಾನಂತೆ. ರಾತ್ರಿ ಮಾತ್ರ ಇಲ್ಲ. "ಇನ್ನೊಂದಿಷ್ಟ ದಿವಸ ನೋಡೂನು" ಅನ್ನುತ್ತಾನಂತೆ. ಯಾವುದನ್ನು ನೋಡಬೇಕು ಅಂತ ಹೇಳುವುದಿಲ್ಲವಂತೆ.

ನನ್ನ ಪರೀಕ್ಷೆ ಹತ್ತಿರ ಬಂತು. ಮುಗಿದ ಮರುದಿನವೇ ಮೊದಲ ಬಸ್ಸಿಗೆ ಹಟ್ಟಿಗೆ ಬರುತ್ತೇನೆ. ರಸ್ತೆಯಲ್ಲಿ ಇಳಿದವಳೇ ಓಡಿ ಬಂದು ಸರ್ಜ್ಯಾನ ಕೊರಳು ಅಪ್ಪಿಕೊಳ್ಳುತ್ತೇನೆ. ನನ್ನನ್ನು ಅಂವ ಮರೆಯುವುದಿಲ್ಲ. ಆಗ ಆಟ ಕೆಟ್ಟರೂ ಕೆಡಲಿ.

ನಿನ್ನ ತಂಗಿ
ಉಜ್ವಲಾ


ಕಾಗವಾಡ
10 ಮಾರ್ಚ್ 2025

ತಂಗೀ,

ಇಲ್ಲಿ ಕೆಲಸ ಚೆನ್ನಾಗಿದೆ. ಬೆಳಗಿನಿಂದ ನಾಯಿಗಳ ಹಿಂದೆ ಓಟ. ಶಿವಾಜಿ ಅಣ್ಣ ದಿನಕ್ಕೊಮ್ಮೆ ಬೈಯುತ್ತಾರೆ, ಎರಡು ಸಲ ಹೊಗಳುತ್ತಾರೆ. ಹೊಸ ನಾಯಿ ಬಂದರೆ ಈಗ ನಾನೇ ಮೊದಲು ಕೇಳುತ್ತೇನೆ, ಇದು ಮನೆಯಲ್ಲಿ ಏನು ಕೆಲಸ ಮಾಡುತ್ತದೆ ಅಂತ.

ನಡುವಿನ ಮೂರು ರವಿವಾರ ಮಂದಿ ಹಟ್ಟಿಗೆ ಹೋದರು, ನನ್ನನ್ನು ಶಿವಾಜಿ ಅಣ್ಣ ಬಿಡಲಿಲ್ಲ. ನಿನ್ನೆ, "ಈಗ ನೀ ಹೋಗಿ ನೋಡು. ಒಬ್ಬನ ಹೋಗು," ಅಂದರು. ಸಂಜೆ ಮುಂದೆ ಉಗಾರಕ್ಕೆ ಹೋದೆ. ಇನ್ನೂ ಬೆಳಕಿತ್ತು. ಅವ್ವ ಒಲೆ ಹಚ್ಚಿದ್ದಳು. ಅಪ್ಪ ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚುತ್ತಿದ್ದ. ಸರ್ಜ್ಯಾ ಬಲೆಯ ಬಾಯಲ್ಲಿ ಮಲಗಿದ್ದ.

ಬದು ಇಳಿದೆ. ಎದ್ದು ನಿಂತ. ಕಿಸೆಯಿಂದ ಒಣಮೀನು ತೆಗೆದೆ, ನಾನು ಕಲಿಸುವಾಗ ಅದಕ್ಕಾಗಿ ಪ್ರಾಣ ಬಿಡುತ್ತಿದ್ದ, ಅದೇ. ಮುಂದೆ ಚಾಚಿದೆ. ತಿನ್ನಲಿ ಅನ್ನಬೇಕೋ ಬೇಡ ಅನ್ನಬೇಕೋ ನನಗೇ ತಿಳಿಯಲಿಲ್ಲ.

ಅಂವ ಬಾಲ ಆಡಿಸಲಿಲ್ಲ. ಕೂರಲಿಲ್ಲ. ಕೊರಳಿನ ಕೂದಲು ನೆಟ್ಟಗಾದವು. ಹೊಟ್ಟೆಯೊಳಗಿಂದ ಒಂದು ಸದ್ದು ಬಂತು, ನಾನು ಹಿಂದೆಂದೂ ಅದರ ಎದುರಿಗೆ ನಿಂತು ಕೇಳಿರಲಿಲ್ಲ, ಯಾವಾಗಲೂ ಅದರ ಹಿಂದೆ ನಿಂತು ಕೇಳಿದ್ದೆ. ಮತ್ತೆ ಒಂದು ಹೆಜ್ಜೆ ಇಟ್ಟೆ. ಬೊಗಳಿತು ನೋಡು. ಕುರಿಗಳೆಲ್ಲ ಎದ್ದು ನಿಂತವು.

ಅವ್ವ ಒಲೆಯ ಮುಂದಿನಿಂದ, "ಅಯ್ಯ, ನಮ್ಮ ಮಾಳ್ಯಾ ಅಲ್ಲಾ ಅಂವಾ! ಬಾರೋ, ಬಾ!" ಅಂದಳು.

ಅಪ್ಪ ಅವಳಿಗೆ, "ಕರೀಬ್ಯಾಡ. ನೋಡೂನು," ಅಂದ.

ನಾನು ನಿಂತೇ ಇದ್ದೆ. ಅದು ಬೊಗಳುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅಪ್ಪ, "ಸರ್ಜ್ಯಾ," ಅಂತ ಮೆಲ್ಲಗೆ ಅಂದ. ಅದು ಹಿಂದೆ ಸರಿದು ಅವನ ಕಾಲ ಹತ್ತಿರ ಹೋಗಿ ನಿಂತಿತು, ಕಣ್ಣು ಮಾತ್ರ ನನ್ನ ಮೇಲೆ. ಅಪ್ಪ ರೊಟ್ಟಿ ಮುರಿದು ಕೊಟ್ಟ. ತಿಂದಿತು.

ಆಮೇಲೆ ಅಪ್ಪ ಬಲೆ ದಾಟಿ ನನ್ನ ಹತ್ತಿರ ಬಂದ. ಹಟ್ಟಿಗೆ ಹೊರಗಿನವರು ಬಂದರೆ ಮಾಲಕ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾನೆ, ಆಗ ನಾಯಿ ಬಿಡುತ್ತದೆ. ಪಾರಿಸ ಕಾಕಾನನ್ನು ಮೊದಲ ದಿನ ಹಾಗೇ ಕರೆತಂದಿದ್ದ. ನನ್ನ ಕೈಯನ್ನೂ ಹಾಗೇ ಹಿಡಿದ. ನಾನು ನಡೆಯಲು ಕಲಿತ ಮೇಲೆ ಅಪ್ಪ ನನ್ನ ಕೈ ಹಿಡಿದದ್ದು ನೆನಪಿಲ್ಲ. ಒರಟು ಕೈ. ಬಿಸಿ ಇತ್ತು. ಒಲೆಯವರೆಗೂ ಬಿಡಲಿಲ್ಲ.

ನನಗೆ ಊಟಕ್ಕೆ ಬಡಿಸುವುದರೊಳಗೆ ಅಪ್ಪ ಚೀಲಕ್ಕೆ ಒರಗಿ ಮಲಗಿಬಿಟ್ಟಿದ್ದ. ತಾಟು ಮುಂದೆಯೇ ಇತ್ತು. ಗೊರಕೆ ಸುರುವಾಯಿತು. ಅವ್ವ ಎಬ್ಬಿಸಲು ಹೋದವಳು ಕೈ ಹಿಂದೆ ತೆಗೆದುಕೊಂಡಳು. ನಾವಿಬ್ಬರೂ ಮಾತಾಡದೆ ಉಂಡೆವು, ನಾನು ಒಂದೂ ಸದ್ದು ಮಾಡದೆ ಎದ್ದು ಕೊನೆಯ ಬಸ್ಸಿಗೆ ಬಂದೆ. ಬದುವಿನವರೆಗೆ ಅವ್ವ ಕೈ ಹಿಡಿದು ತಂದು ಬಿಟ್ಟಳು. ಸರ್ಜ್ಯಾ ಅಲ್ಲಿಯವರೆಗೂ ನನ್ನ ಹಿಂದೆಯೇ ಬಂದ, ನಾನು ಹೋದೆನೋ ಇಲ್ಲವೋ ನೋಡಲು.

ಉಜ್ವಲಾ, ಪರೀಕ್ಷೆ ಮುಗಿಸಿ ಬಾ. ಆದರೆ ಓಡಿ ಬರಬೇಡ. ಬದುವಿನ ಆಚೆಯೇ ನಿಂತು ಕೂಗು. ಅಪ್ಪ ಬರುತ್ತಾನೆ. ಅವನ ಕೈ ಹಿಡಿದುಕೊಂಡು ಒಳಗೆ ಹೋಗು.

ನಿನ್ನ ಅಣ್ಣ
ಮಾಳು